ಪರಸ್ಥಳದವನೂ ಟ್ರಾಮ್‌ಗಾಡಿಯೂ

ಹತ್ತಿಮತ್ತೂರಿನಲ್ಲಿ ಬಸ್ಸನ್ನೇರಿ ಜಾಗ ಹಿಡಿದು ಕುಳಿತವನಿಗೆ ಕಂಡಕ್ಟರರು ಹಾಕುವ ಮೊದಲ ಪ್ರಶ್ನೆ “ಎಲ್ಲಿಗ್ರೀ?” ಎಂಬುದು. ಸವಣೂರೆಂದರೆ ಸವಣೂರಿನ ಟಿಕೀಟು, ಹಾವೇರಿಯೆಂದರೆ ಹಾವೇರಿಯ ಟಿಕೀಟು ಕೈಗೆ ಬರುತ್ತದೆ. ೨೦೨೩ನೆಯ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಾಗ ಹೆಣ್ಣುಮಕ್ಕಳು ಹಣ ಕೊಡುವುದು ತಪ್ಪಿತು. ಆದರೆ ಟಿಕೀಟು ತಪ್ಪಲಿಲ್ಲ. ಅವರಿಗೂ ಸೊನ್ನೆ ದರದ ಚೀಟಿಯನ್ನು ಕೊಡಲೇಬೇಕೆಂದು ನಿಯಮವಾಯಿತು. ಹೀಗೆ ನಮ್ಮ ಕಡೆಯ ಪ್ರಯಾಣಿಕನನ್ನು ವಿಚಾರಿಸಿಕೊಳ್ಳಲು ಗಾಡಿಯಲ್ಲಿ ಒಬ್ಬ ಮನುಷ್ಯನಿರುತ್ತಾನೆ. ಊರು ಬಂದಾಗ ಕೂಗಿ ಇಳಿಸುವವನೂ ಅವನೇ.

ಯುರೋಪಿನ ಪಟ್ಟಣವೊಂದರಲ್ಲಿ ಟ್ರಾಮ್‌ಗಾಡಿಯನ್ನೇರಿದವನನ್ನು ಸಾಮಾನ್ಯವಾಗಿ ಯಾರೂ ಏನನ್ನೂ ಕೇಳುವುದಿಲ್ಲ. ಬಾಗಿಲು ತೆರೆಯುತ್ತದೆ, ಜನ ಏರುತ್ತಾರೆ, ಬಾಗಿಲು ಮುಚ್ಚುತ್ತದೆ, ಗಾಡಿ ಹೊರಡುತ್ತದೆ. ನಮ್ಮವನಿಗೆ ಮೊದಲು ಅಚ್ಚರಿ, ಅನಂತರ ಸಂತೋಷ, ಕೆಲವೊಮ್ಮೆ ಕೊನೆಗೆ ಸಂಕಟ. ಕೇಳುವವರಿಲ್ಲವೆಂದರೆ ಕಟ್ಟುಪಾಡಿಲ್ಲವೆಂದು ಅರ್ಥವಲ್ಲ. ಕೇಳುವವನ ಕೆಲಸವನ್ನೂ ಪ್ರಯಾಣಿಕನೇ ಮಾಡಿಕೊಳ್ಳಬೇಕೆಂದು ಅದರ ಅರ್ಥ. ಈ ಒಂದು ಮಾತನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದವರು ಸಮುದ್ರವನ್ನು ದಾಟುವುದು ಹೊಸತೇನಲ್ಲ. ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. “ಸಮುದ್ರದಾಚೆಯಿಂದ” ಎಂಬ ಪ್ರವಾಸಗ್ರಂಥವನ್ನು ಕನ್ನಡಕ್ಕೆ ಕೊಟ್ಟವರು. ಆ ಕಾಲದಲ್ಲಿ ಅಂಥ ಪ್ರಯಾಣ ಅಪರೂಪದ ಭಾಗ್ಯವಾಗಿತ್ತು. ಈಗ ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವಿಲ್ಲದಿರುವ ಕಾರಣ ಸಾಧಾರಣ ಮನೆತನದ ಮಕ್ಕಳೂ ಅತ್ತ ಹೊರಡುತ್ತಿದ್ದಾರೆ. ಅವರು ವಿಮಾನದಿಂದಿಳಿದ ಮರುದಿನವೇ ಹತ್ತಬೇಕಾದದ್ದು ಹೆಚ್ಚಾಗಿ ಟ್ರಾಮ್‌ಗಾಡಿಯನ್ನು. ಆದುದರಿಂದ ಈ ವಿಷಯವು ನಮ್ಮ ಸಹಪಾಠಿಗಳಿಗೆ ಕೇವಲ ಕುತೂಹಲದ್ದಲ್ಲ, ಉಪಯೋಗದ್ದೂ ಹೌದು.

ಟ್ರಾಮೆಂದರೇನು?

ಬೀದಿಯಲ್ಲಿ ನೆಲದ ಮಟ್ಟಕ್ಕೆ ಹೂಳಿದ ಉಕ್ಕಿನ ಹಳಿಗಳ ಮೇಲೆ, ಮೋಟಾರು ಸೈಕಲ್ಲುಗಳ ನಡುವೆಯೇ ಓಡಾಡುವ ಗಾಡಿ ಟ್ರಾಮು. ರೈಲಿನ ಹಳಿ ನೆಲದಿಂದ ಮೇಲೆದ್ದಿರುತ್ತದೆ. ಟ್ರಾಮಿನ ಹಳಿಗೆ ನಡುವೆ ಒಂದು ಸೀಳುಗಾಡಿಯಿದ್ದು ಗಾಲಿಯ ಅಂಚು ಅದರೊಳಗೆ ಉರುಳುತ್ತದೆ. ಮೇಲೆ ಕಟ್ಟಿದ ತಂತಿಯಿಂದ ಗಾಡಿಯ ನೆತ್ತಿಯ ಮೇಲಿನ ತೋಳು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಅದರ ಒತ್ತಡ ೬೦೦ರಿಂದ ೭೫೦ ವೋಲ್ಟು. ಮೋಟಾರನ್ನು ತಿರುಗಿಸಿದ ಮೇಲೆ ಆ ವಿದ್ಯುತ್ತು ಹಳಿಯ ಮೂಲಕವೇ ಹಿಂದಿರುಗುತ್ತದೆ.

ಹಳಿಯ ಪ್ರಯೋಜನವನ್ನು ನಮ್ಮ ಎರೆಹೊಲದ ದಾರಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಕೆಸರಿನಲ್ಲಿ ಹೂತಾಗ ಎರಡು ಎತ್ತುಗಳಿಗೂ ಅದು ಜಗ್ಗುವುದಿಲ್ಲ. ಅದೇ ಭಾರವನ್ನು ನುಣುಪಾದ ಗಟ್ಟಿ ನೆಲದ ಮೇಲೆ ಒಂದೇ ಎತ್ತು ಎಳೆದೀತು. ಉಕ್ಕಿನ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆ ಇನ್ನೂ ಕಡಿಮೆ. ಆದುದರಿಂದಲೇ ವಿದ್ಯುತ್ತು ಬರುವ ಮೊದಲು ಕುದುರೆಗಳಿಂದ ಟ್ರಾಮನ್ನು ಎಳೆಯಿಸುವುದು ಸಾಧ್ಯವಾಯಿತು. ನ್ಯೂಯಾರ್ಕಿನಲ್ಲಿ ೧೮೩೨ರಲ್ಲಿಯೇ ಇಂಥ ಗಾಡಿ ಓಡಿತು. ಬರ್ಲಿನ್ನಿನ ಹತ್ತಿರ ಲಿಖ್ಟರ್‌ಫೆಲ್ಡೆ ಎಂಬಲ್ಲಿ ಸೀಮೆನ್ಸರು ೧೮೮೧ರಲ್ಲಿ ವಿದ್ಯುತ್ ಟ್ರಾಮನ್ನು ಆರಂಭಿಸಿದರು. ಆದರೆ ತಡೆ ಕಡಿಮೆಯಿರುವ ಇದೇ ಗುಣಕ್ಕೆ ಇನ್ನೊಂದು ಮುಖವಿದೆ; ಅದನ್ನು ರಸ್ತೆ ದಾಟುವ ಸಂದರ್ಭದಲ್ಲಿ ಹೇಳುವೆನು.

ನಮ್ಮ ಹಿರಿಯರು ಕಂಡ ಟ್ರಾಮು

ಧಾರವಾಡ ಜಿಲ್ಲೆಯು ೧೯೫೬ನೆಯ ನವೆಂಬರ್ ೧ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಸ್ಥಾಪಿತವಾಗುವ ತನಕ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರ ಪದವಿಯೂ ಮುಂಬಯಿ ವಿಶ್ವವಿದ್ಯಾಲಯದ್ದೇ. ಹೈಕೋರ್ಟು ಅಲ್ಲಿ, ಸಚಿವಾಲಯ ಅಲ್ಲಿ. ಹೀಗಾಗಿ ಟ್ರಾಮೆಂಬ ಹೆಸರು ನಮ್ಮ ಹಿರಿಯರ ಪಾಲಿಗೆ ಪರದೇಶದ್ದಾಗಿರದೆ ಮುಂಬಯಿಯದಾಗಿತ್ತು.

ಮುಂಬಯಿಯಲ್ಲಿ ಕುದುರೆ ಟ್ರಾಮು ಹೊರಟದ್ದು ೧೮೭೪ನೆಯ ಮೇ ೯ರಂದು. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ಟಿನ ಮೇಲೆ ಪಾಯಧುಣಿಗೆ ಒಂದು ದಾರಿ. ಬೋರಿಬಂದರದಿಂದ ಪಾಯಧುಣಿಗೆ ಮತ್ತೊಂದು. ಕೊಲಾಬಾದಿಂದ ಪಾಯಧುಣಿಗೆ ಮೂರಾಣೆ ಹಣ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಆರಂಭದಲ್ಲಿ ಟಿಕೀಟೆಂಬುದನ್ನೇ ಕೊಡುತ್ತಿರಲಿಲ್ಲ. ಜನ ಹೆಚ್ಚಿದಂತೆ ದರವನ್ನು ಎರಡಾಣೆಗೆ ಇಳಿಸಿದರು. ಹಣ ಕೊಡದೆ ಹೋಗುವವರೂ ಹೆಚ್ಚಿದ ಕಾರಣ ಅದೇ ವರ್ಷ ಟಿಕೀಟು ಕೊಡುವ ಪದ್ಧತಿ ಬಂದಿತು. ೧೯೦೭ನೆಯ ಮೇ ೭ರಂದು ವಿದ್ಯುತ್ ಟ್ರಾಮೂ, ೧೯೨೦ರಲ್ಲಿ ಎರಡು ಅಂತಸ್ತಿನ ಟ್ರಾಮೂ ಬಂದವು. ೧೯೬೪ನೆಯ ಮಾರ್ಚ್ ೩೧ರ ರಾತ್ರಿ ಬೋರಿಬಂದರದಿಂದ ದಾದರಿಗೆ ಹೋದ ಗಾಡಿಯೇ ಮುಂಬಯಿಯ ಕೊನೆಯ ಟ್ರಾಮು. ಮದ್ರಾಸಿನಲ್ಲಿ ೧೮೯೫ರಲ್ಲಿ ಆರಂಭವಾದ ವಿದ್ಯುತ್ ಟ್ರಾಮು ೧೯೫೩ರಲ್ಲಿಯೇ ನಿಂತಿತ್ತು. ಆ ಮೇಲೆ ನಮ್ಮ ದೇಶದಲ್ಲಿ ಟ್ರಾಮನ್ನು ಉಳಿಸಿಕೊಂಡ ಪಟ್ಟಣ ಕಲಕತ್ತೆಯೊಂದೇ. ಅಲ್ಲಿಯೂ ಅದರ ದಾರಿಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿವೆ.

ಯುರೋಪಿನಲ್ಲಿಯೂ ಹಲವು ಪಟ್ಟಣಗಳು ಮೋಟಾರಿನ ಮೋಹದಲ್ಲಿ ಹಳಿಗಳನ್ನು ಕಿತ್ತುಹಾಕಿದವು. ಕಿತ್ತವರಲ್ಲಿ ಅನೇಕರು ಮತ್ತೆ ಹಾಕಿದರು. ಕೀಳದೆ ಉಳಿಸಿಕೊಂಡ ಪಟ್ಟಣಗಳಲ್ಲಿ ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ಮುಖ್ಯವಾದದ್ದು. ಅಲ್ಲಿ ಕುದುರೆ ಟ್ರಾಮು ೧೮೬೫ರಲ್ಲಿ, ವಿದ್ಯುತ್ ಟ್ರಾಮು ೧೮೯೭ರಲ್ಲಿ ಆರಂಭವಾದವು. ಇಂದು ಅದರ ಹಳಿದಾರಿ ಸುಮಾರು ೧೭೦ ಕಿಲೋಮೀಟರು. ಆದುದರಿಂದ ಆ ಪಟ್ಟಣವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಅಂಕಿ ಮತ್ತು ಕೊನೆಯ ಊರು

ಹೊಸಬನಿಗೆ ಬಸ್ಸಿಗಿಂತ ಟ್ರಾಮು ಮೇಲು. ಬಸ್ಸು ಯಾವ ಮೂಲೆಗೆ ತಿರುಗುವುದೋ ಏರಿದವನಿಗೆ ತಿಳಿಯದು. ಟ್ರಾಮು ಹಳಿ ಬಿಟ್ಟು ಹೋಗಲಾರದು. ಬಂದ ದಾರಿ ಕಣ್ಣೆದುರಿಗೆ ನೆಲದ ಮೇಲೆ ಬರೆದಂತಿರುತ್ತದೆ. ಭಾಷೆ ಬಾರದವನೂ ಹಳಿಯನ್ನು ಹಿಡಿದು ನಡೆದರೆ ಮುಂದಿನ ನಿಲ್ದಾಣವನ್ನು ಸೇರಬಹುದು.

ಗಾಡಿಯ ಹಣೆಯ ಮೇಲೆ ಎರಡು ಸಂಗತಿಗಳನ್ನು ಬರೆದಿರುತ್ತಾರೆ: ದಾರಿಯ ಅಂಕಿ ಮತ್ತು ಕೊನೆಯ ನಿಲ್ದಾಣದ ಹೆಸರು. ವಿಯೆನ್ನಾದಲ್ಲಿ ೧, ೨, ೩೮, ೭೧ ಮೊದಲಾದ ಅಂಕಿಗಳೂ, ‘ಡಿ’, ‘ಓ’ ಎಂಬ ಅಕ್ಷರಗಳೂ ಉಂಟು. ಹೊಸಬರು ಅಂಕಿಯನ್ನಷ್ಟೇ ನೋಡಿ ಏರುವರು; ತಪ್ಪಾಗುವುದು ಅಲ್ಲಿಯೇ. ಒಂದೇ ಅಂಕಿಯ ಗಾಡಿ ಎರಡೂ ದಿಕ್ಕಿಗೆ ಹೋಗುತ್ತದೆ. ತಾನು ಇಳಿಯಬೇಕಾದ ಸ್ಥಳದ ಹೆಸರನ್ನು ನೆನಪಿಟ್ಟುಕೊಂಡರೆ ಸಾಲದು. ಆ ದಿಕ್ಕಿನ ಕೊನೆಯ ಊರಿನ ಹೆಸರನ್ನೂ ತಿಳಿದಿರಬೇಕು. ಹುಬ್ಬಳ್ಳಿಗೆ ಹೋಗುವವನು ಹಾವೇರಿಯ ಕಡೆಯಿಂದ ಬಂದ ಬಸ್ಸಿನ ಬೋರ್ಡಿನಲ್ಲಿ ‘ಬೆಳಗಾವಿ’ ಎಂದು ಕಂಡರೂ ಏರುವನಲ್ಲವೆ? ಅದೇ ಲೆಕ್ಕ. ನಿಲ್ದಾಣದ ಕಂಬಕ್ಕೆ ಆ ದಾರಿಯ ಎಲ್ಲ ನಿಲ್ದಾಣಗಳ ಪಟ್ಟಿಯನ್ನು ಅಂಟಿಸಿರುತ್ತಾರೆ. ಇಳಿಯುವ ಸ್ಥಳವು ಆ ಪಟ್ಟಿಯಲ್ಲಿ ಮುಂದೆ ಇದ್ದರೆ ದಿಕ್ಕು ಸರಿ. ಇಲ್ಲದಿದ್ದರೆ ರಸ್ತೆಯ ಆಚೆಯ ನಿಲ್ದಾಣಕ್ಕೆ ಹೋಗತಕ್ಕದ್ದು.

ಒಂದು ದೃಷ್ಟಾಂತ. ವಿಯೆನ್ನಾದ ಹಳೆಯ ಕೋಟೆಗೋಡೆಯನ್ನು ಕೆಡವಿ, ಅದೇ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಎಂಬ ಉಂಗುರದಾಕಾರದ ಹೆದ್ದಾರಿಯನ್ನು ಮಾಡಿ ೧೮೬೫ರಲ್ಲಿ ತೆರೆದರು. ಸಂಸತ್ ಭವನ, ನಗರಸಭೆ, ವಿಶ್ವವಿದ್ಯಾಲಯ, ಸಂಗೀತ ನಾಟಕ ಮಂದಿರ ಎಲ್ಲವೂ ಅದರ ಬದಿಯಲ್ಲಿವೆ. ಹಿಂದೆ ಅದನ್ನು ಪೂರ್ತಿ ಸುತ್ತುವ ಟ್ರಾಮಿತ್ತು. ೨೦೦೮ರಲ್ಲಿ ದಾರಿಗಳನ್ನು ಬದಲಿಸಿದ ಮೇಲೆ ನಿತ್ಯದ ಯಾವ ಗಾಡಿಯೂ ಪೂರ್ಣ ಸುತ್ತು ಹಾಕುವುದಿಲ್ಲ. ಹಳೆಯ ಕೈಪಿಡಿಯನ್ನು ನಂಬಿ ೧ನೆಯ ಅಂಕಿಯಲ್ಲಿ ಕುಳಿತೇ ಇದ್ದವನು ಉಂಗುರದಾಚೆಯ ಉಪವನವನ್ನು ಸೇರುವನು. ಸಂಗೀತ ನಾಟಕ ಮಂದಿರದ ಬಳಿ ‘ಪ್ರಾಟರ್’ ದಿಕ್ಕಿನ ೧ನ್ನು ಏರಿ, ಶ್ವೇಡನ್‌ಪ್ಲಾಟ್ಸಿನಲ್ಲಿ ಇಳಿದು, ‘ಡೋರ್ನ್‌ಬಾಖ್’ ದಿಕ್ಕಿನ ೨ನ್ನು ಹಿಡಿದರೆ ಉಂಗುರವನ್ನೆಲ್ಲ ನೋಡಿಕೊಂಡು ಏರಿದಲ್ಲಿಗೇ ಬರಬಹುದು. ರಸ್ತೆಯ ಕೆಲಸ ನಡೆದಿರುವಾಗ ದಾರಿ ಬದಲಾಗುವುದುಂಟು. ಆದುದರಿಂದ ಕಂಬದ ಮೇಲಿನ ಹೊಸ ಪ್ರಕಟಣೆಯನ್ನು ಓದುವುದು ಲೇಸು.

೭೧ನೆಯ ಅಂಕಿಯ ವಿಷಯ ಇನ್ನೂ ವಿಶೇಷವಾದದ್ದು. ಅದು ಪಟ್ಟಣದ ಮಹಾಸ್ಮಶಾನದ ಎದುರಿಗೆ ಹಾದುಹೋಗುತ್ತದೆ. ಆ ಸ್ಮಶಾನವನ್ನು ತೆರೆದದ್ದು ಮುಂಬಯಿಯ ಟ್ರಾಮು ಹೊರಟ ೧೮೭೪ರಲ್ಲಿಯೇ. ಯಾರಾದರೂ ತೀರಿಕೊಂಡರೆ “ಅವನು ೭೧ನ್ನು ಹತ್ತಿದ” ಎಂದು ಅಲ್ಲಿನ ಜನ ಹೇಳುವರು. ಬೇಥೋವನ್, ಶೂಬರ್ಟ್, ಬ್ರಾಮ್ಸ್ ಮೊದಲಾದ ಸಂಗೀತಗಾರರ ಸಮಾಧಿಗಳು ಅಲ್ಲಿರುವುದರಿಂದ ಪ್ರವಾಸಿಗಳು ಹೋಗುತ್ತಾರೆ. ಸ್ಮಶಾನದ ಉದ್ದಕ್ಕೂ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ. ಮುಖ್ಯ ದ್ವಾರ ಎರಡನೆಯದು. ಮೊದಲನೆಯ ದ್ವಾರದಲ್ಲಿ ಅವಸರದಿಂದ ಇಳಿದವನಿಗೆ ನಡಿಗೆ ತಪ್ಪಿದ್ದಲ್ಲ.

ಟಿಕೀಟಿನ ವಿಚಾರ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ವಿಯೆನ್ನಾದ ಟ್ರಾಮಿನಲ್ಲಿ ಕೊನೆಯ ಕಂಡಕ್ಟರರು ಕೆಲಸ ಮಾಡಿದ್ದು ೧೯೯೬ರಲ್ಲಿ. ಈಗ ಟಿಕೀಟನ್ನು ನಿಲ್ದಾಣದ ಯಂತ್ರದಲ್ಲಿ, ತಂಬಾಕಿನ ಅಂಗಡಿಯಲ್ಲಿ ಅಥವಾ ಮೊಬೈಲಿನಲ್ಲಿ ಮೊದಲೇ ಕೊಳ್ಳಬೇಕು. ಕೊಂಡರೆ ಮುಗಿಯಲಿಲ್ಲ. ಸಮಯವನ್ನು ಮೊದಲೇ ಅಚ್ಚು ಹಾಕಿರದ ಕಾಗದದ ಟಿಕೀಟಾದರೆ ಅದಕ್ಕೆ ಮುದ್ರೆಯೊತ್ತಬೇಕು. ಗಾಡಿಯೊಳಗೆ ಅಥವಾ ನಿಲ್ದಾಣದ ಬಾಯಲ್ಲಿ ಒಂದು ಸಣ್ಣ ಪೆಟ್ಟಿಗೆಯಿರುತ್ತದೆ. ಟಿಕೀಟಿನ ತುದಿಯನ್ನು ಅದರಲ್ಲಿ ತೂರಿಸಿದರೆ ದಿನ, ವೇಳೆ ಅಚ್ಚಾಗುತ್ತವೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಎಂಟ್‌ವೆರ್ಟೆನ್’ ಎನ್ನುವರು. ಆ ಶಬ್ದದ ಅರ್ಥ ‘ಬೆಲೆ ಕಳೆಯುವುದು’. ಬೆಲೆ ಕಳೆಯದ ಟಿಕೀಟನ್ನು ನಾಳೆಯೂ ಬಳಸಬಹುದಷ್ಟೆ! ಆದುದರಿಂದ ಮುದ್ರೆಯಿಲ್ಲದ ಟಿಕೀಟು ಜೇಬಿನಲ್ಲಿದ್ದರೂ ಅಂಥವನು ಟಿಕೀಟಿಲ್ಲದವನಿಗೆ ಸಮಾನ.

ಈ ನಿಯಮ ಊರಿಂದೂರಿಗೆ ಬೇರೆ. ಪ್ರಾಗ್ ಪಟ್ಟಣದಲ್ಲಿ ಟಿಕೀಟನ್ನು ವೇಳೆಯಿಂದ ಅಳೆಯುವರು. ೩೦ ನಿಮಿಷದ್ದೊಂದು, ೯೦ ನಿಮಿಷದ್ದೊಂದು. ಮುದ್ರೆಯೊತ್ತಿದ ಗಳಿಗೆಯಿಂದ ಲೆಕ್ಕ. ಜ್ಯೂರಿಖ್ ಪಟ್ಟಣದಲ್ಲಿ ವಲಯಗಳ ಲೆಕ್ಕವಿದೆ. ಆಮ್ಸ್ಟರ್‌ಡ್ಯಾಮಿನಲ್ಲಿ ಏರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ಲಕ್ಸೆಂಬರ್ಗ್ ದೇಶವು ೨೦೨೦ನೆಯ ಫೆಬ್ರವರಿ ೨೯ರಿಂದ ಟ್ರಾಮು, ಬಸ್ಸು, ರೈಲುಗಳೆಲ್ಲವನ್ನೂ ಸ್ವದೇಶಿ ಪರದೇಶಿಯೆನ್ನದೆ ಪುಕ್ಕಟೆ ಮಾಡಿತು. ರೈಲಿನ ಮೊದಲನೆಯ ದರ್ಜೆಗೆ ಮಾತ್ರ ಹಣವಿಟ್ಟಿತು. ಹೀಗಿರುವುದರಿಂದ ಒಂದೂರಿನ ರೂಢಿಯನ್ನು ಇನ್ನೊಂದೂರಿಗೆ ಒಯ್ಯಕೂಡದು. ಹೊಸ ಊರಿಗೆ ಕಾಲಿಟ್ಟಾಗ ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು: ಟಿಕೀಟನ್ನು ಎಲ್ಲಿ ಕೊಳ್ಳಬೇಕು? ಅದು ಯಾವಾಗಿನಿಂದ ಸಿಂಧುವಾಗುತ್ತದೆ? ಎಷ್ಟು ಹೊತ್ತು, ಎಲ್ಲಿಯವರೆಗೆ ನಡೆಯುತ್ತದೆ?

ಕೇಳುವವರಿಲ್ಲವೆಂದೆನಲ್ಲ, ಪೂರ್ತಿ ಇಲ್ಲವೆಂದಲ್ಲ. ಸಾದಾ ಉಡುಪಿನ ತಪಾಸಣೆಯವರು ಯಾವ ದಿನ, ಯಾವ ನಿಲ್ದಾಣದಲ್ಲಿ ಏರುವರೋ ಹೇಳಲಾಗದು. ಪಕ್ಕದಲ್ಲಿ ನಿಂತವನೇ ಗುರುತುಚೀಟಿಯನ್ನು ತೆಗೆದು ತೋರಿಸಬಹುದು. ಜರ್ಮನಿಯಲ್ಲಿ ೨೦೧೫ರಲ್ಲಿ ಈ ದಂಡವನ್ನು ೪೦ ಯೂರೋಗಳಿಂದ ೬೦ಕ್ಕೆ ಏರಿಸಿದರು. ಬೇಕೆಂದೇ ಹಣ ಕೊಡದೆ ಪ್ರಯಾಣಿಸುವುದು ಆ ದೇಶದ ದಂಡಸಂಹಿತೆಯ ೨೬೫ಎ ಕಲಮಿನಂತೆ ಅಪರಾಧವೂ ಹೌದು. “ನಾನು ಹೊಸಬ, ನನಗೆ ತಿಳಿಯದು” ಎಂಬ ಮಾತಿಗೆ ಅಲ್ಲಿ ಬೆಲೆ ಕಡಿಮೆ. ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳಿಸಿದ ಮನೆಯ ದೃಷ್ಟಿಯಿಂದ ಆ ೬೦ ಯೂರೋ ಸಣ್ಣದಲ್ಲ. ಹಣಕ್ಕಿಂತ ಹೆಚ್ಚಾಗಿ, ತುಂಬಿದ ಗಾಡಿಯಲ್ಲಿ ನಾಲ್ಕು ಜನರ ನಡುವೆ ತಪ್ಪಿತಸ್ಥನಾಗಿ ನಿಲ್ಲುವುದು ಮನಸ್ಸಿನಿಂದ ಬೇಗ ಹೋಗುವಂಥದಲ್ಲ. ಮೋಸದ ಮನಸ್ಸಿಲ್ಲದೆ, ಕೇವಲ ಮುದ್ರೆಯೊತ್ತಲು ತಿಳಿಯದೆ ಈ ಸ್ಥಿತಿಗೆ ಬಂದರಂತೂ ದುಃಖ ಇಮ್ಮಡಿ.

ಇದನ್ನು ಓದಿ, ಯುರೋಪಿನವರು ಸ್ವಭಾವದಿಂದಲೇ ಪ್ರಾಮಾಣಿಕರು, ನಾವು ಹಾಗಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ. ಮುಂಬಯಿಯ ಟ್ರಾಮಿಗೆ ಟಿಕೀಟು ಏಕೆ ಬಂದಿತೆಂಬುದನ್ನು ಮೇಲೆ ನೋಡಿದೆವು. ಟಿಕೀಟಿಲ್ಲದೆ ಹೋಗುವವರು ವಿಯೆನ್ನಾದಲ್ಲಿಯೂ ಇದ್ದಾರೆ. ಅಂಥವನಿಗೆ ‘ಕಪ್ಪು ಪ್ರಯಾಣಿಕ’ನೆಂಬ ಹೆಸರೇ ಜರ್ಮನ್ ಭಾಷೆಯಲ್ಲಿದೆ. ನಂಬಿಕೆಯೆಂಬುದು ಒಂದು ಜನಾಂಗದ ರಕ್ತದಲ್ಲಿರುವ ಗುಣವಲ್ಲ. ಅದನ್ನು ವ್ಯವಸ್ಥೆಯಿಂದ ಬೆಳೆಸಬೇಕಾಗುತ್ತದೆ. ವಿಯೆನ್ನಾ ನಗರವು ೨೦೧೨ರಲ್ಲಿ ವರ್ಷದ ಪಾಸಿನ ಬೆಲೆಯನ್ನು ೪೪೯ ಯೂರೋಗಳಿಂದ ೩೬೫ಕ್ಕೆ ಇಳಿಸಿತು. ಎಂದರೆ ದಿನಕ್ಕೆ ಒಂದೇ ಯೂರೋ. ಆ ದರ ೨೦೨೫ರ ಕೊನೆಯವರೆಗೆ ನಡೆಯಿತು. ವರ್ಷದ ಪಾಸು ಮನೆಯಲ್ಲಿದ್ದವನಿಗೆ ಕಳ್ಳಪ್ರಯಾಣದ ವಿಚಾರವೇ ಹೊಳೆಯದು. ದರ ಕೈಗೆಟಕುವಂತಿರಬೇಕು, ಬರಹ ಸ್ಪಷ್ಟವಾಗಿರಬೇಕು, ಗಾಡಿ ಹೇಳಿದ ವೇಳೆಗೆ ಬರಬೇಕು, ತಪ್ಪಿದವನಿಗೆ ದಂಡ ತಪ್ಪಬಾರದು. ಈ ನಾಲ್ಕೂ ಸೇರಿದಾಗ ಕೇಳುವವರಿಲ್ಲದ ಗಾಡಿ ಓಡುತ್ತದೆ.

ಏರುವುದು, ಇಳಿಯುವುದು, ದಾಟುವುದು

ಟ್ರಾಮು ನಿಂತರೂ ಬಾಗಿಲು ತಾನಾಗಿ ತೆರೆಯದಿರಬಹುದು. ಬಾಗಿಲ ಮೇಲಿನ ಗುಂಡಿಯನ್ನು ಒತ್ತಬೇಕು. ಗಾಡಿ ತನಗಾಗಿ ತೆರೆಯುವುದೆಂದು ಕಾದು ನಿಂತು, ಅದು ಹೊರಟುಹೋದುದನ್ನು ನೋಡುವ ಪ್ರಸಂಗ ಹೊಸಬರಿಗೆ ಬರುವುದುಂಟು. ಇಳಿಯುವಾಗಲೂ ಮುಂಚಿತವಾಗಿ ಗುಂಡಿಯನ್ನೊತ್ತಬೇಕು. ಇಳಿಯುವವರಿಗೆ ಮೊದಲು ದಾರಿ ಬಿಟ್ಟು ಆಮೇಲೆ ಏರತಕ್ಕದ್ದು. ವೃದ್ಧರು, ಗರ್ಭಿಣಿಯರು, ಅಂಗವಿಕಲರು ಇವರಿಗಾಗಿ ಗುರುತು ಹಾಕಿದ ಆಸನಗಳಿರುತ್ತವೆ. ವಿಯೆನ್ನಾದ ಹೊಸ ಗಾಡಿಗಳ ನೆಲ ರಸ್ತೆಯಿಂದ ಸುಮಾರು ಒಂದು ಗೇಣಿನಷ್ಟೇ ಎತ್ತರ; ಗಾಲಿಕುರ್ಚಿಯವರೂ ಕೂಸಿನ ಗಾಡಿಯವರೂ ಸುಲಭವಾಗಿ ಏರುತ್ತಾರೆ.

ರಸ್ತೆ ದಾಟುವಾಗ ಮಾತ್ರ ಎಚ್ಚರ ಬಹಳ ಬೇಕು. ಉಕ್ಕಿನ ಮೇಲೆ ಉಕ್ಕು ಸುಲಭವಾಗಿ ಉರುಳುವುದೆಂದು ಮೇಲೆ ಹೇಳಿದೆ. ಆ ಗುಣದಿಂದಲೇ ಬ್ರೇಕು ಹಾಕಿದರೂ ಟ್ರಾಮು ಮೋಟಾರಿನಷ್ಟು ಬೇಗ ನಿಲ್ಲಲಾರದು. ಪಕ್ಕಕ್ಕೆ ಹೊರಳಿ ತಪ್ಪಿಸಲಂತೂ ಸಾಧ್ಯವೇ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಪಟ್ಟೆ ಎಳೆದ ದಾಟುದಾರಿಯಲ್ಲಿ ಮೋಟಾರುಗಳು ಪಾದಚಾರಿಗಾಗಿ ನಿಲ್ಲಬೇಕು. ಆದರೆ ಅಲ್ಲಿಯೂ ಟ್ರಾಮಿಗೇ ಮೊದಲ ಹಕ್ಕು. ಇದನ್ನರಿಯದೆ ಪಟ್ಟೆಯನ್ನು ನಂಬಿ ಕಾಲಿಡುವುದು ಅಪಾಯ. ವಿದ್ಯುತ್ ಟ್ರಾಮಿನ ಸದ್ದು ಸಣ್ಣದು. ಕಿವಿಗೆ ಹಾಡು ಹಾಕಿಕೊಂಡವನಿಗೆ ಅದೂ ಕೇಳಿಸದು. ನಮ್ಮಲ್ಲಿ ವಾಹನಗಳು ಎಡಕ್ಕೆ ಹೋಗುವುದರಿಂದ ದಾಟುವಾಗ ಮೊದಲು ಬಲಕ್ಕೆ ನೋಡುವ ರೂಢಿ. ಅಲ್ಲಿ ಬಲಕ್ಕೆ ಹೋಗುವುದರಿಂದ ಮೊದಲು ಎಡಕ್ಕೆ ನೋಡಬೇಕು. ಸೈಕಲ್ಲಿನವನು ಹಳಿಯನ್ನು ಆದಷ್ಟು ನೇರವಾಗಿ ಅಡ್ಡ ದಾಟಬೇಕು. ಓರೆಯಾಗಿ ದಾಟಿದರೆ ಗಾಲಿ ಸೀಳಿನಲ್ಲಿ ಸಿಕ್ಕಿ ಬೀಳುವನು.

ದಾರಿ ತಪ್ಪಿದವನು ಗಾಬರಿಯಾಗಬೇಕಾಗಿಲ್ಲ. ಮುಂದಿನ ನಿಲ್ದಾಣದಲ್ಲಿಳಿದು, ಎದುರು ಬದಿಯಲ್ಲಿ ಅದೇ ಅಂಕಿಯ ಗಾಡಿಯನ್ನು ಹಿಡಿದರೆ ಏರಿದ ಸ್ಥಳಕ್ಕೆ ಮರಳಬಹುದು. ಟಿಕೀಟು ಮರುಪ್ರಯಾಣಕ್ಕೆ ನಡೆಯುವುದೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ವಿಯೆನ್ನಾದ ಒಂದು ಸಲದ ಟಿಕೀಟು ಒಂದೇ ದಿಕ್ಕಿಗೆ ಸಿಂಧು. ರಾತ್ರಿಯ ವಿಷಯವನ್ನೂ ಮೊದಲೇ ತಿಳಿದಿರಬೇಕು. ವಿಯೆನ್ನಾದಲ್ಲಿ ನಡುರಾತ್ರಿಯ ನಂತರ ಟ್ರಾಮು ನಿಂತು ‘ಎನ್’ ಅಕ್ಷರದ ರಾತ್ರಿ ಬಸ್ಸುಗಳು ಓಡುತ್ತವೆ. ಪ್ರಾಗಿನಲ್ಲಿ ೯೦ರ ಮೇಲಿನ ಅಂಕಿಗಳ ಟ್ರಾಮುಗಳೇ ರಾತ್ರಿಯಿಡೀ ನಡೆಯುತ್ತವೆ.

ಉಪಸಂಹಾರ

ಈ ವಿದ್ಯೆಯ ಮೊದಲ ಪಾಠಕ್ಕೆ ಯುರೋಪಿಗೇ ಹೋಗಬೇಕೆಂದಿಲ್ಲ. ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು ೨೨ ಕಿಲೋಮೀಟರು ದೂರ ರಸ್ತೆಯ ನಡುವಿನ ಪಟ್ಟಿಯನ್ನು ಬಸ್ಸಿಗೆಂದೇ ಬೇರ್ಪಡಿಸಿ, ೨೦೧೮ರಲ್ಲಿ ‘ಚಿಗರಿ’ ಬಸ್ಸುಗಳನ್ನು ಪ್ರಾಯೋಗಿಕವಾಗಿ ಹೊರಡಿಸಿ, ೨೦೨೦ನೆಯ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟಿಸಿದರು. ಟಿಕೀಟನ್ನು ನಿಲ್ದಾಣದಲ್ಲಿಯೇ ಕೊಂಡು, ಗಾಡಿಯ ನೆಲದ ಮಟ್ಟದ ಕಟ್ಟೆಯಿಂದ ಏರುವ ಈ ಏರ್ಪಾಡು ಹಳಿಯಿಲ್ಲದ ಟ್ರಾಮೆಂದೇ ಹೇಳಬಹುದು. ಒಂದು ವ್ಯತ್ಯಾಸವುಂಟು. ಅಲ್ಲಿ ನಿಲ್ದಾಣದ ಬಾಯಲ್ಲಿ ಟಿಕೀಟನ್ನು ತೋರಿಸಿಯೇ ಒಳಗೆ ಹೋಗಬೇಕೆಂದು ಗೇಟನ್ನಿಟ್ಟರು. ವಿಯೆನ್ನಾದ ಟ್ರಾಮಿಗೆ ಗೇಟಿಲ್ಲ. ಗೇಟಿರುವಲ್ಲಿ ಟಿಕೀಟು ತೆಗೆಯುವುದು ಅನಿವಾರ್ಯ. ಗೇಟಿಲ್ಲದಲ್ಲಿ ಅದು ನಡತೆ.

ಪರದೇಶಕ್ಕೆ ಹೊರಟ ನಮ್ಮ ವಿದ್ಯಾರ್ಥಿಯು ಬಟ್ಟೆಬರೆ, ಪ್ರಮಾಣಪತ್ರ, ಉಪ್ಪಿನಕಾಯಿಗಳ ಜೊತೆಗೆ ಇದೊಂದು ಅಭ್ಯಾಸವನ್ನೂ ಒಯ್ಯಲಿ: ಗಾಡಿ ಏರುವ ಮೊದಲು ಕಂಬದ ಬಳಿ ಎರಡು ನಿಮಿಷ ನಿಂತು ಪೂರ್ತಿ ಓದುವುದು. ಓದಿದ್ದು ತಿಳಿಯದಿದ್ದರೆ ಪಕ್ಕದವರನ್ನು ಕೇಳುವುದು ನಾಚಿಕೆಯ ವಿಷಯವಲ್ಲ. ನಮ್ಮೂರಿನ ಬಸ್ಸಿನಲ್ಲಿ ಕಂಡಕ್ಟರರು ಕೇಳುತ್ತಿದ್ದ “ಎಲ್ಲಿಗ್ರೀ?” ಎಂಬ ಪ್ರಶ್ನೆಯನ್ನು ಅಲ್ಲಿ ತನಗೆ ತಾನೇ ಕೇಳಿಕೊಂಡು, ಟಿಕೀಟನ್ನೂ ತಾನೇ ತೆಗೆದು, ಮುದ್ರೆಯನ್ನೂ ತಾನೇ ಒತ್ತಿ ಕುಳಿತವನು ಯಾವ ತಪಾಸಣೆಗೂ ಅಂಜಬೇಕಾಗಿಲ್ಲ, ಕಿಟಕಿಯಾಚೆಯ ಊರನ್ನು ನೆಮ್ಮದಿಯಿಂದ ನೋಡುತ್ತ ಹೋಗಬಹುದು.